ತಲೆ ಮೇಲೆ ಕೂರುವ ಕ್ಯಾಮೆರಾ: ಸ್ಕೈಡೈವಿಂಗ್ ಫೋಟೋಗೆ ಬಾಡಿ ಆರಿಸುವುದು ಹೇಗೆ?

ಸ್ಕೈಡೈವಿಂಗ್ ಫೋಟೋಗೆ ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ಮಾತು ಸೀದಾ ಮೆಗಾಪಿಕ್ಸೆಲ್‌ಗೆ ಹೋಗುತ್ತದೆ. ಆಮೇಲೆ ದೊಡ್ಡ ಸೆನ್ಸರಿನ ಫುಲ್ ಫ್ರೇಮಾ, ಚಿಕ್ಕದಾದ ಕ್ರಾಪ್ ಸೆನ್ಸರಾ, ಸೆಕೆಂಡಿಗೆ ಎಷ್ಟು ಫ್ರೇಮ್ ಅನ್ನುವ ಚರ್ಚೆ. ಇವೆಲ್ಲ ಬೇಡ ಅಂತಲ್ಲ, ಪಟ್ಟಿಯ ಕೊನೆಯಲ್ಲಿ ಬಂದರೆ ಸಾಕು.

ಯಾಕೆಂದರೆ ವಿಮಾನದಿಂದ ಜಿಗಿದ ಮೇಲೆ ಕ್ಯಾಮೆರಾ ಕೈಯಲ್ಲಿ ಇರುವುದಿಲ್ಲ, ಹೆಲ್ಮೆಟ್ ಮೇಲಿರುತ್ತದೆ. ವ್ಯೂಫೈಂಡರಿಗೆ ಕಣ್ಣಿಡೋಕಾಗಲ್ಲ. ಡಯಲ್ ತಿರುಗಿಸೋಕಾಗಲ್ಲ. ಫೋಟೋ ಸರಿಯಾಗಿ ಬಂತಾ ಅಂತ ಸ್ಕ್ರೀನ್ ನೋಡೋಕೂ ಆಗಲ್ಲ. ಹೊಟ್ಟೆ ಕೆಳಗೆ ಮಾಡಿ ಬೀಳುವಾಗ ಗಂಟೆಗೆ ಸುಮಾರು 190ರಿಂದ 200 ಕಿಲೋಮೀಟರ್ ವೇಗದ ಗಾಳಿ ಮುಖಕ್ಕೆ ಹೊಡೆಯುತ್ತಿರುತ್ತದೆ, ಕೈಕಾಲು ಎರಡೂ ಹಾರಾಟಕ್ಕೇ ಬೇಕು. ಸುಮಾರು 4,000 ಮೀಟರ್ ಎತ್ತರದಿಂದ ಜಿಗಿದರೂ ಪ್ಯಾರಾಚೂಟ್ ತೆರೆಯುವ ಮುಂಚಿನ ಫ್ರೀಫಾಲ್ ಸಿಗುವುದು ಒಂದು ನಿಮಿಷದ ಆಸುಪಾಸು ಅಷ್ಟೇ. ಹಾಗಾಗಿ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ನೋಡುವಾಗ ನಾನು ಕೇಳುವ ಪ್ರಶ್ನೆ ಒಂದೇ: ನೆಲದ ಮೇಲೆ ಹೇಗೆ ಸೆಟ್ ಮಾಡಿದ್ದೇನೋ ಹಾಗೇ, ಯಾರೂ ಮುಟ್ಟದೆ, ಯಾರೂ ನೋಡದೆ, ಫೋಟೋ ಬೇಕಾದ ಕ್ಷಣದವರೆಗೆ ಇದು ಹಾಗೇ ಇರುತ್ತದಾ? ಮುಂದಿನದೆಲ್ಲ ಈ ಪ್ರಶ್ನೆಯ ಬೇರೆ ಬೇರೆ ಮುಖ.

ಕ್ಯಾಮೆರಾಕ್ಕಿಂತ ಮೊದಲು

ಅಮೆರಿಕದ ಪ್ಯಾರಾಚೂಟ್ ಸಂಘ ಯುಎಸ್‌ಪಿಎ ಸಲಹೆ ಪ್ರಕಾರ, ಕನಿಷ್ಠ 200 ಜಂಪ್ ಆಗುವವರೆಗೆ ಯಾವ ಕ್ಯಾಮೆರಾವನ್ನೂ ಹಾಕಿಕೊಳ್ಳಬಾರದು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಆಕ್ಷನ್ ಕ್ಯಾಮೆರಾಕ್ಕೂ ಇದು ಅನ್ವಯಿಸುತ್ತದೆ. ನೀವು ಜಿಗಿಯುವ ಕೇಂದ್ರದಲ್ಲಿ (ಡ್ರಾಪ್‌ಜೋನ್) ಇದಕ್ಕಿಂತ ಬಿಗಿಯಾದ ನಿಯಮ ಇದ್ದರೆ ಅದೇ ಅಂತಿಮ. ಸುಮ್ನೆ ಹೆದರಿಸೋಕೆ ಕೊಟ್ಟ ಸಲಹೆ ಇದಲ್ಲ. 1988ರಲ್ಲಿ ನಾರ್ತ್ ಕೆರೊಲಿನಾದಲ್ಲಿ ನೂರಾರು ಜಂಪ್ ಮಾಡಿದ್ದ ಒಬ್ಬ ವಿಡಿಯೋಗ್ರಾಫರ್ ಬೆನ್ನಿಗೆ ಪ್ಯಾರಾಚೂಟ್ ಇಲ್ಲದೆಯೇ ವಿಮಾನದಿಂದ ಜಿಗಿದುಬಿಟ್ಟರು. ಮೈಮೇಲೆ ಹೊತ್ತಿದ್ದ ವಿಡಿಯೋ ಉಪಕರಣದ ಭಾರವನ್ನೇ ಪ್ಯಾರಾಚೂಟಿನ ಭಾರ ಅಂದುಕೊಂಡಿರಬಹುದು ಅಂತ ಆಗ ಊಹಿಸಿದ್ದರು. ಕ್ಯಾಮೆರಾ ತಲೆಯೊಳಗೆ ಅಷ್ಟು ಜಾಗ ತಿನ್ನುತ್ತದೆ.

ಆದ್ದರಿಂದ ಗಮನ ಬೇಡುವ ಕ್ಯಾಮೆರಾಕ್ಕಿಂತ ಮರೆತುಬಿಡಬಹುದಾದ ಕ್ಯಾಮೆರಾ ಒಳ್ಳೆಯದು. 200 ಜಂಪ್ ಈಗಷ್ಟೇ ದಾಟಿದವರು ಮೊದಲು ಒಂದು ಆಕ್ಷನ್ ಕ್ಯಾಮೆರಾ ಹಾಕಿಕೊಂಡು ತಲೆ ಹೇಗೆ ಹಿಡಿಯಬೇಕು, ಎಷ್ಟು ದೂರದಲ್ಲಿ ಹಾರಬೇಕು ಅಂತ ಕಲಿಯಲಿ. ಬಾಡಿ, ಲೆನ್ಸ್ ಎಲ್ಲ ಆಮೇಲೆ.

ತೂಕದ ಲೆಕ್ಕ ಕತ್ತನ್ನೇ ಕೇಳಿ

ಪ್ಯಾರಾಚೂಟ್ ತೆರೆದುಕೊಳ್ಳುವಾಗ ವೇಗ ಒಮ್ಮೆಲೇ ಇಳಿಯುತ್ತದೆ. ಆ ಎಳೆತಕ್ಕೆ ತಲೆ ಮೇಲಿನ ಪ್ರತಿ ಗ್ರಾಂ ಕೆಲವು ಪಟ್ಟು ಭಾರವಾಗುತ್ತದೆ. ಸುಮ್ನೆ ನಾಲ್ಕು ಪಟ್ಟು ಅಂತ ಇಟ್ಟುಕೊಳ್ಳಿ, ಬಿರುಸಾಗಿ ತೆರೆದುಕೊಂಡರೆ ಇನ್ನೂ ಜಾಸ್ತಿ.

ಈಗ ಎರಡು ಸೆಟ್ ತೂಗಿ ನೋಡೋಣ. ಕ್ಯಾನನ್ 5ಡಿ ಮಾರ್ಕ್ 4 ಬ್ಯಾಟರಿ ಸಮೇತ ಸುಮಾರು 890 ಗ್ರಾಂ. ಅದಕ್ಕೆ 16-35 ಎಂಎಂ ಎಫ್/4 ಲೆನ್ಸ್ ಹಾಕಿದರೆ ಇನ್ನೊಂದು 615 ಗ್ರಾಂ. ಒಟ್ಟು ಒಂದೂವರೆ ಕಿಲೋ. ಪ್ಯಾರಾಚೂಟ್ ತೆರೆಯುವ ಹೊತ್ತಿಗೆ ಕತ್ತಿನ ಮೇಲೆ ಆರು ಕಿಲೋ, ಅದೂ ಹೆಲ್ಮೆಟ್ ತೂಕ ಬಿಟ್ಟು. ಅದೇ 2013ರಲ್ಲಿ ಬಂದ ಪುಟ್ಟ ಕ್ಯಾನನ್ 100ಡಿ ಬ್ಯಾಟರಿ ಸೇರಿ 407 ಗ್ರಾಂ, ಜೊತೆಗೆ 10-18 ಎಂಎಂ ಲೆನ್ಸ್ 240 ಗ್ರಾಂ. ಒಟ್ಟು 650 ಗ್ರಾಂಗೂ ಕಡಿಮೆ, ನಾಲ್ಕು ಪಟ್ಟಾದರೂ ಎರಡೂವರೆ ಕಿಲೋ ಚಿಲ್ಲರೆ. ದಿನಕ್ಕೆ ಎಂಟು ಜಂಪ್ ಮಾಡುವವರಿಗೆ ಈ ವ್ಯತ್ಯಾಸ ಸಂಜೆ ಕತ್ತು ತಿರುಗಿಸಿದಾಗ ಗೊತ್ತಾಗುತ್ತದೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ತಲೆ ಮೇಲೆ ಇಡೋಕೆ ಫುಲ್ ಫ್ರೇಮ್ ಬೇಕಾಗಿಲ್ಲ. ಹಗಲಿನ ಆಕಾಶದಲ್ಲಿ ಬೆಳಕು ಬೇಕಾದಷ್ಟಿದೆ. ಫುಲ್ ಫ್ರೇಮ್‌ನ ದೊಡ್ಡ ಲಾಭ ಕಾಣುವುದು ಬೆಳಕು ಕಮ್ಮಿ ಇದ್ದಾಗ. ಸೂರ್ಯಾಸ್ತದ ಜಂಪ್‌ಗಳನ್ನೇ ಹುಡುಕಿಕೊಂಡು ಹೋಗುವವರು, ಪತ್ರಿಕೆಯ ಮುಖಪುಟಕ್ಕೆ ತೆಗೆಯುವವರು ಬೇರೆ ಲೆಕ್ಕ ಹಾಕಲಿ. ಉಳಿದವರಿಗೆ ಎಪಿಎಸ್-ಸಿ, ಅಂದರೆ ಕ್ರಾಪ್ ಸೆನ್ಸರ್, ಧಾರಾಳ ಸಾಕು. ಸೋನಿ ಎ6000 ಬ್ಯಾಟರಿ ಸಮೇತ 344 ಗ್ರಾಂ, 24 ಮೆಗಾಪಿಕ್ಸೆಲ್, ಸೆಕೆಂಡಿಗೆ 11 ಫ್ರೇಮ್. 2014ರ ಕ್ಯಾಮೆರಾ, ಹಳೆಯದು ಅನ್ನಿ. ಆಕಾಶದಲ್ಲಿ ಇವತ್ತಿಗೂ ಇದಕ್ಕೆ ಕೆಲಸ ಇದೆ.

ಬಾಯಲ್ಲಿ ಕ್ಲಿಕ್ ಮಾಡೋಕಾಗುತ್ತಾ?

ಇಲ್ಲಿ ಅರ್ಧ ಮಾಡೆಲ್‌ಗಳು ಪಟ್ಟಿಯಿಂದ ಬಿದ್ದುಹೋಗುತ್ತವೆ. ಹಾಗಾಗಿ ಇದನ್ನು ಅಂಗಡಿಗೆ ಹೋಗುವ ಮೊದಲೇ ನೋಡಿಕೊಳ್ಳಿ.

ಸ್ಕೈಡೈವಿಂಗ್‌ನಲ್ಲಿ ಶಟರ್ ಒತ್ತುವುದು ಬಾಯಿ. ಹಲ್ಲಿನಿಂದ ಕಚ್ಚುವ ಬೈಟ್ ಸ್ವಿಚ್, ನಾಲಿಗೆಯಿಂದ ಒತ್ತುವ ಟಂಗ್ ಸ್ವಿಚ್, ಊದುವ ಬ್ಲೋ ಸ್ವಿಚ್ ಅಂತ ಮೂರು ಬಗೆ. ಯಾವುದಾದರೂ ಕೆಲಸ ಒಂದೇ. ಕ್ಯಾಮೆರಾದ ರಿಮೋಟ್ ಪೋರ್ಟ್‌ನಿಂದ ಮೂರು ತಂತಿ ಹೊರಗೆ ಬರುತ್ತವೆ: ಒಂದು ಗ್ರೌಂಡ್, ಒಂದು ಫೋಕಸ್, ಒಂದು ಶಟರ್. ಫೋಕಸ್ ತಂತಿ ಗ್ರೌಂಡ್‌ಗೆ ತಾಗಿದರೆ ಬಟನ್ ಅರ್ಧ ಒತ್ತಿದ ಹಾಗೆ, ಶಟರ್ ತಂತಿಯೂ ತಾಗಿದರೆ ಪೂರ್ತಿ ಒತ್ತಿದ ಹಾಗೆ. ಕಚ್ಚಿದಾಗ ನಡೆಯುವುದು ಇಷ್ಟೇ. ಇದರಲ್ಲಿ ಸಾಫ್ಟ್‌ವೇರ್ ಇಲ್ಲ, ಬ್ಯಾಟರಿ ಇಲ್ಲ, ಪೇರಿಂಗ್ ಇಲ್ಲ. ಹಾಗಾಗಿಯೇ ಇದನ್ನು ನಂಬಬಹುದು.

ಈ ಪೋರ್ಟ್ ಇಲ್ಲದ ಬಾಡಿ ಎಷ್ಟೇ ಚೆನ್ನಾಗಿದ್ದರೂ ನಮಗಲ್ಲ. ಕಂಪನಿಗಳು ಕಡಿಮೆ ಬೆಲೆಯ ಮಾಡೆಲ್‌ಗಳಲ್ಲಿ ಮೊದಲು ಕತ್ತರಿ ಹಾಕುವುದು ಇದಕ್ಕೇ. ನಿಕಾನ್ ಡಿ3300ರಲ್ಲಿ ವೈರ್ ರಿಮೋಟ್‌ಗೆ ಪೋರ್ಟ್ ಇತ್ತು. ಅದರ ನಂತರ ಬಂದ ಡಿ3400ರಲ್ಲಿ ತೆಗೆದುಹಾಕಿದರು, ಡಿ3500ರಲ್ಲೂ ವಾಪಸ್ ಬರಲಿಲ್ಲ. ಹೆಸರು ನೋಡಿದರೆ ಹೊಸದೇ ಮೇಲು ಅನಿಸುತ್ತದೆ, ಅಲ್ವಾ? ನಮ್ಮ ಕೆಲಸಕ್ಕೆ ಹಳೆಯದೇ ಸರಿ. ಬದಲಿಗೆ ಬ್ಲೂಟೂತ್ ಇದೆಯಲ್ಲ ಅಂತ ಅಂಗಡಿಯವರು ಹೇಳಬಹುದು. ಒಂದು ನಿಮಿಷದ ಫ್ರೀಫಾಲ್‌ನಲ್ಲಿ ಸಂಪರ್ಕ ತಪ್ಪಿದರೆ ಮತ್ತೆ ಜೋಡಿಸೋಕೆ ಯಾರ ಕೈ ಖಾಲಿ ಇರುತ್ತದೆ?

ಪೋರ್ಟ್ ಇದೆ ಅಂತಾದರೆ ಯಾವ ಜಾತಿಯದು ನೋಡಿ. ಕ್ಯಾನನ್‌ನ ಹೆಚ್ಚಿನ ಚಿಕ್ಕ ಡಿಎಸ್‌ಎಲ್‌ಆರ್‌ಗಳಲ್ಲಿ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಇ3 ಅನ್ನುವ 2.5 ಎಂಎಂ ಜ್ಯಾಕ್ ಇರುತ್ತದೆ, ಹಳೆಯ ಇಯರ್‌ಫೋನ್ ಪಿನ್‌ನ ತಮ್ಮನ ಹಾಗೆ. ಇದರ ಕೇಬಲ್ ಸುಲಭವಾಗಿ ಸಿಗುತ್ತದೆ, ರಿಪೇರಿ ಸುಲಭ, ಬೆಸುಗೆ ಹಾಕಲು ಬರುವವರು ತಾವೇ ಮಾಡಿಕೊಳ್ಳಬಹುದು. 5ಡಿ, 7ಡಿ ಸಾಲಿನ ದೊಡ್ಡ ಬಾಡಿಗಳಲ್ಲಿ ಎನ್3 ಅನ್ನುವ ಬೇರೆ ಕನೆಕ್ಟರ್, ಅದು ಲಾಕ್ ಆಗುತ್ತದೆ, ಗಟ್ಟಿ. ಸೋನಿ ಎ6000, ಎ6400ರಂಥವುಗಳಲ್ಲಿ ಮೈಕ್ರೋ ಯುಎಸ್‌ಬಿಯಂತೆ ಕಾಣುವ ಮಲ್ಟಿ ಟರ್ಮಿನಲ್. ಕೆಲಸ ಮಾಡುತ್ತದೆ, ಆದರೆ ಆ ಪುಟ್ಟ ಪಿನ್ ಮೇಲೆ ಕೇಬಲ್‌ನ ಎಳೆತ ಬೀಳದ ಹಾಗೆ ಟೇಪ್ ಹಾಕಿ ಬಿಗಿ ಮಾಡಲೇಬೇಕು.

ಪೋರ್ಟ್ ಬಾಡಿಯ ಯಾವ ಕಡೆ ಇದೆ ಅನ್ನುವುದನ್ನೂ ಮರೆಯಬೇಡಿ. ಕೇಬಲ್ ಅಲ್ಲಿಂದ ಹೆಲ್ಮೆಟ್ ಒಳಗಡೆಯಿಂದ ಬಾಯಿಗೆ ಬರಬೇಕು. ಹೊರಗೆ ಕುಣಿಕೆಯಂತೆ ಉಳಿದ ಒಂದು ಇಂಚು ಕೇಬಲ್ ಸಾಕು, ಪ್ಯಾರಾಚೂಟಿನ ದಾರ ಅದಕ್ಕೆ ಸಿಕ್ಕಿಕೊಳ್ಳೋಕೆ.

ಫೋಕಸ್ ತಾನಾಗಿಯೇ ಜಾರಿದರೆ?

ಸ್ವಲ್ಪ ನಿಧಾನವಾಗಿ ಓದಬೇಕಾದ ಭಾಗ ಇದು. ಈಗಿನ ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ) ಬಾಡಿಗಳಲ್ಲಿ ಜನ ಎಡವುವುದು ಇಲ್ಲೇ.

ಹಳೆಯ ಪದ್ಧತಿ ಸರಳ. ಅಗಲ ಕೋನದ ಲೆನ್ಸ್, ಎಫ್/8 ಅಪರ್ಚರ್ (ಲೆನ್ಸ್‌ನ ಕಿಂಡಿ ಚಿಕ್ಕದು ಮಾಡಿ), ಮ್ಯಾನುವಲ್ ಫೋಕಸ್. ಎಪಿಎಸ್-ಸಿ ಬಾಡಿಯಲ್ಲಿ 15 ಎಂಎಂ ಲೆನ್ಸನ್ನು ಎಫ್/8ರಲ್ಲಿ ಸುಮಾರು ಒಂದೂವರೆ ಮೀಟರ್‌ಗೆ ಫೋಕಸ್ ಮಾಡಿಟ್ಟರೆ ಮುಕ್ಕಾಲು ಮೀಟರ್‌ನಿಂದ ದಿಗಂತದವರೆಗೆ ಎಲ್ಲವೂ ಒಪ್ಪುವಷ್ಟು ಸ್ಪಷ್ಟ. 18 ಎಂಎಂ ಆದರೆ ಎರಡು ಮೀಟರ್ ಚಿಲ್ಲರೆಗೆ ಇಡಿ, ಒಂದು ಮೀಟರ್ ಚಿಲ್ಲರೆಯಿಂದ ಆಚೆ ಎಲ್ಲ ಸಿಗುತ್ತದೆ. ಟ್ಯಾಂಡೆಮ್ ಜೋಡಿಯ (ಒಂದೇ ಪ್ಯಾರಾಚೂಟಿನಲ್ಲಿ ಜಿಗಿಯುವ ತರಬೇತುದಾರ ಮತ್ತು ಗಿರಾಕಿ) ಮುಂದೆ ನೀವು ಹಾರುವ ದೂರ ಇದರೊಳಗೇ ಬರುತ್ತದೆ. ಫೋಕಸ್ ರಿಂಗ್ ಮೇಲೆ ಒಂದು ತುಂಡು ಟೇಪ್ ಅಂಟಿಸಿದರೆ ಆಯಿತು, ಇಡೀ ದಿನ ತಿರುಗಿ ನೋಡಬೇಕಾಗಿಲ್ಲ.

ಆದರೆ ಈ ಟೇಪ್ ಕೆಲಸ ಮಾಡುವುದು ರಿಂಗ್ ತಿರುಗಿಸಿದಾಗ ಒಳಗಿನ ಗಾಜು ನೇರವಾಗಿ ಸರಿಯುವ ಲೆನ್ಸ್‌ಗಳಲ್ಲಿ ಮಾತ್ರ. ಬಹುಪಾಲು ಮಿರರ್‌ಲೆಸ್ ಲೆನ್ಸ್‌ಗಳಲ್ಲಿ, ಕ್ಯಾನನ್‌ನ ಎಸ್‌ಟಿಎಂ ಲೆನ್ಸ್‌ಗಳಲ್ಲೂ, ರಿಂಗ್‌ಗೂ ಗಾಜಿಗೂ ನೇರ ಸಂಬಂಧ ಇಲ್ಲ. ರಿಂಗ್ ಮೋಟರ್‌ಗೆ ಹೇಳುತ್ತದೆ, ಮೋಟರ್ ಸರಿಸುತ್ತದೆ. ಅಂಥ ರಿಂಗ್‌ಗೆ ಟೇಪ್ ಹಚ್ಚಿ ಏನು ಪ್ರಯೋಜನ? ಇನ್ನೂ ಕೆಟ್ಟದ್ದೆಂದರೆ, ಕ್ಯಾಮೆರಾ ಆಫ್ ಆಗಿ ಆನ್ ಆದಾಗ ಎಷ್ಟೋ ಲೆನ್ಸ್‌ಗಳು ನೀವು ಇಟ್ಟ ಫೋಕಸ್ ಮರೆತು ತಮ್ಮ ಮೂಲ ಜಾಗಕ್ಕೆ ಹೋಗಿ ಕೂರುತ್ತವೆ. ವಿಮಾನ ಮೇಲೇರುವ ಹದಿನೈದು ಇಪ್ಪತ್ತು ನಿಮಿಷದಲ್ಲಿ ಕ್ಯಾಮೆರಾ ನಿದ್ದೆಗೆ ಹೋಗಿ ಎದ್ದರೂ ಕೆಲವಲ್ಲಿ ಹೀಗೇ ಆಗಬಹುದು. ನಿಮಗೆ ಗೊತ್ತಾಗುವುದು ಕೆಳಗಿಳಿದು ಫೋಟೋ ನೋಡಿದಾಗ.

ಹಾಗಾಗಿ ಬಾಡಿ ಕೊಳ್ಳುವ ಮೊದಲು, ಅದೇ ಲೆನ್ಸ್ ಹಾಕಿ ಒಂದು ಪರೀಕ್ಷೆ ಮಾಡಿ. ಮ್ಯಾನುವಲ್ ಫೋಕಸ್‌ನಲ್ಲಿ ಎರಡು ಮೀಟರ್ ದೂರದ ಒಂದು ವಸ್ತುವಿಗೆ ಫೋಕಸ್ ಇಟ್ಟು ಒಂದು ಫೋಟೋ ತೆಗೆಯಿರಿ. ಆಟೋ ಪವರ್ ಆಫ್ ಒಂದು ನಿಮಿಷಕ್ಕೆ ಹಾಕಿ, ನಿದ್ದೆ ಹೋಗಲು ಬಿಡಿ. ಶಟರ್ ಅರ್ಧ ಒತ್ತಿ ಎಬ್ಬಿಸಿ ಅದೇ ವಸ್ತುವಿನ ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿ. ಆಮೇಲೆ ಪೂರ್ತಿ ಆಫ್ ಮಾಡಿ ಆನ್ ಮಾಡಿ ಮತ್ತೊಂದು. ಮೂರೂ ಒಂದೇ ಥರ ಇದ್ದರೆ ಪಾಸು. ಕೆಲವು ಬಾಡಿಗಳ ಮೆನುವಿನಲ್ಲಿ ಫೋಕಸ್ ಜಾಗ ನೆನಪಿಟ್ಟುಕೊಳ್ಳುವ ಆಯ್ಕೆ ಇರುತ್ತದೆ, ಅದನ್ನು ಹುಡುಕಿ. ಇಲ್ಲದಿದ್ದರೆ ಪೂರ್ತಿ ಮ್ಯಾನುವಲ್ ಲೆನ್ಸ್ ಹಾಕಬಹುದಾ ಅಂತ ಯೋಚಿಸಿ.

ಆಟೋಫೋಕಸ್ ಬಳಸುವುದೇ ಬೇಡ ಅಂತ ನಾನು ಹೇಳುತ್ತಿಲ್ಲ. ಮುಖ ಗುರುತಿಸುವ ಹೊಸ ಬಾಡಿಗಳು ಚೆನ್ನಾಗಿ ಹಿಡಿಯುತ್ತವೆ. ಆದರೆ ಒಂದು ಷರತ್ತು: ಫೋಕಸ್ ಸಿಗದಿದ್ದರೂ ಶಟರ್ ಹೊಡೆಯುವ ರಿಲೀಸ್ ಪ್ರಯಾರಿಟಿ ಆಯ್ಕೆ ಇರಬೇಕು. ಇಲ್ಲದಿದ್ದರೆ ಖಾಲಿ ನೀಲಿ ಆಕಾಶದ ಮೇಲೆ ಫೋಕಸ್ ಹುಡುಕುತ್ತಾ ಕ್ಯಾಮೆರಾ ತೆಪ್ಪಗೆ ಕೂತುಬಿಡುತ್ತದೆ, ನೀವು ಎಷ್ಟು ಕಚ್ಚಿದರೂ ಅಷ್ಟೇ.

ಅದೇ ಪರೀಕ್ಷೆಯಲ್ಲಿ ನಿದ್ದೆಯಿಂದ ಏಳೋಕೆ ಎಷ್ಟು ಹೊತ್ತು ಬೇಕು ಅಂತಲೂ ನೋಡಿ. ಡಿಎಸ್‌ಎಲ್‌ಆರ್‌ಗಳು ಮುಟ್ಟಿದ ಕೂಡಲೇ ಏಳುತ್ತವೆ. ಮಿರರ್‌ಲೆಸ್‌ನಲ್ಲಿ ಕೆಲವು ಒಂದೆರಡು ಸೆಕೆಂಡ್ ತಿನ್ನುತ್ತವೆ. ವಿಮಾನದ ಬಾಗಿಲಿನಿಂದ ಹೊರಬೀಳುವ ಆ ಚಿತ್ರ, ಎಲ್ಲರೂ ಕೇಳುವ ಚಿತ್ರ, ಅಷ್ಟರಲ್ಲಿ ಮುಗಿದಿರುತ್ತದೆ.

ಬಾಡಿಯ ತಳ ನೋಡಿ

ಅಂಗಡಿಯಲ್ಲಿ ಎಲ್ಲರೂ ಕ್ಯಾಮೆರಾದ ಮುಂದೆ ಹಿಂದೆ ನೋಡುತ್ತಾರೆ. ನೀವು ತಿರುಗಿಸಿ ತಳ ನೋಡಿ. ಹೆಲ್ಮೆಟ್‌ಗೆ ಕೂರಿಸುವ ಪ್ಲೇಟ್ ಬರುವುದು ಅಲ್ಲಿ. ಟ್ರೈಪಾಡ್ ಸ್ಕ್ರೂ ತೂತು ಲೆನ್ಸ್‌ನ ನೇರಕ್ಕೆ ಇದೆಯಾ, ಪಕ್ಕಕ್ಕೆ ಸರಿದಿದೆಯಾ? ಬ್ಯಾಟರಿ ಬಾಗಿಲು ಅದರ ಪಕ್ಕದಲ್ಲೇ ಇದ್ದರೆ ಪ್ಲೇಟ್ ಅದನ್ನು ಮುಚ್ಚಿಬಿಡುತ್ತದೆ, ಪ್ರತಿ ಸಲ ಬ್ಯಾಟರಿ ಬದಲಿಸುವಾಗ ಇಡೀ ಕ್ಯಾಮೆರಾ ಬಿಚ್ಚಬೇಕು. ಬಿಚ್ಚಿ ಹಾಕಿದಾಗಲೆಲ್ಲ ಗುರಿ ಸ್ವಲ್ಪ ಬದಲಾಗುತ್ತದೆ. ಕಣ್ಣಿನ ಮುಂದೆ ರಿಂಗ್ ಸೈಟ್ ಇಟ್ಟು ಗುರಿ ಹಿಡಿಯುವವರಿಗೆ ಇದು ದೊಡ್ಡ ತಲೆನೋವು, ಏಕೆಂದರೆ ಸೈಟ್ ಮತ್ತು ಲೆನ್ಸ್ ಒಂದೇ ಕಡೆ ನೋಡುತ್ತಿರಬೇಕು. ಕಾರ್ಡ್ ಕೂಡ ತಳದಲ್ಲೇ ಇದ್ದರೆ ಇನ್ನೂ ಕಷ್ಟ. ಪಕ್ಕದಿಂದ ಕಾರ್ಡ್ ತೆಗೆಯುವಂಥದ್ದು ಸಿಕ್ಕರೆ ಅದಕ್ಕೆ ನನ್ನ ಓಟು.

ತಳ ಸಪಾಟಾಗಿರಲಿ. ಒಂದೇ ಸ್ಕ್ರೂ ಮೇಲೆ ನಿಂತ ಕ್ಯಾಮೆರಾ ಗಾಳಿಗೆ, ಎಳೆತಕ್ಕೆ ನಿಧಾನವಾಗಿ ತಿರುಗುತ್ತದೆ. ಹಿಂದೆ ಅಥವಾ ಮುಂದೆ ತುಟಿಯಂತೆ ಎದ್ದ ಅಂಚಿರುವ ಪ್ಲೇಟ್ ಹಾಕಿದರೆ ತಿರುಗುವುದಿಲ್ಲ, ಆದರೆ ಆ ಅಂಚಿಗೆ ಒರಗಲು ಬಾಡಿಯಲ್ಲಿ ನೇರ ಗೋಡೆ ಬೇಕು.

ಹೊರಗೆ ಚಾಚಿಕೊಂಡಿದ್ದೆಲ್ಲ ಶತ್ರು. ಪಟ್ಟಿ ಕಟ್ಟುವ ಲೋಹದ ಕಿವಿಗಳು, ಮೇಲೇಳುವ ಫ್ಲಾಷ್, ಪಕ್ಕಕ್ಕೆ ತೆರೆಯುವ ಸ್ಕ್ರೀನ್, ಪೋರ್ಟ್‌ನ ರಬ್ಬರ್ ಮುಚ್ಚಳ. ಪಟ್ಟಿ ತೆಗೆದುಹಾಕಿ. ಉಳಿದದ್ದಕ್ಕೆ ಟೇಪ್. ಮೋಡ್ ಡಯಲ್‌ಗೆ ಲಾಕ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಅದಕ್ಕೂ ಟೇಪ್. ವಿಮಾನದಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿರುತ್ತೀರಿ, ಯಾರದೋ ತೋಳು ಡಯಲ್‌ಗೆ ತಾಗಿದರೆ ಶಟರ್ ಪ್ರಯಾರಿಟಿ (ಶಟರ್ ವೇಗ ನೀವು ಇಟ್ಟು ಅಪರ್ಚರ್ ಕ್ಯಾಮೆರಾಕ್ಕೆ ಬಿಡುವ ಮೋಡ್) ಇದ್ದದ್ದು ಇನ್ನೇನೋ ಆಗಿರುತ್ತದೆ. ದಾರ ಸಿಕ್ಕಿಕೊಂಡೇ ಬಿಟ್ಟರೆ ಹೆಲ್ಮೆಟ್ಟನ್ನೇ ಕಳಚಿ ಬಿಸಾಡುವ ಕಟ್‌ಅವೇ ವ್ಯವಸ್ಥೆ ಹೆಲ್ಮೆಟ್‌ನಲ್ಲಿ ಇರಲೇಬೇಕು. ಅಂದಮೇಲೆ ಒಂದು ಮಾತು: ಬಿಸಾಡೋಕೆ ಮನಸ್ಸು ಬಾರದಷ್ಟು ದುಬಾರಿ ಕ್ಯಾಮೆರಾವನ್ನು ತಲೆ ಮೇಲೆ ಇಡಬೇಡಿ.

ಡಿಎಸ್‌ಎಲ್‌ಆರ್ ತೆಗೆದುಕೊಳ್ಳುವವರಿಗೆ ಇನ್ನೊಂದು ಸಣ್ಣ ವಿಷಯ. ವ್ಯೂಫೈಂಡರ್ ಮೇಲೆ ಕಣ್ಣಿಲ್ಲದಿದ್ದಾಗ ಹಿಂದಿನಿಂದ ಬರುವ ಬಿಸಿಲು ಅದರೊಳಗೆ ನುಗ್ಗುತ್ತದೆ. ಬೆಳಕು ಅಳೆಯುವ ಸೆನ್ಸರ್ ಅಲ್ಲೇ ಹತ್ತಿರ ಇರುವುದರಿಂದ ಬೆಳಕು ಜಾಸ್ತಿ ಇದೆ ಅಂದುಕೊಂಡು ಫೋಟೋವನ್ನು ಕಪ್ಪು ಮಾಡಿಬಿಡುತ್ತದೆ. ಒಂದು ಜಂಪ್‌ನ ಫೋಟೋಗಳಲ್ಲಿ ಕೆಲವು ಚೆನ್ನಾಗಿ, ಕೆಲವು ಕತ್ತಲೆಯಾಗಿ ಬಂದರೆ, ಬಿಸಿಲು ಬೆನ್ನ ಹಿಂದೆ ಬಂದಾಗಲೇ ಕತ್ತಲೆಯಾಗಿದೆಯಾ ಅಂತ ನೋಡಿ. ಕಣ್ಣಿಡುವ ಜಾಗಕ್ಕೆ ಕಪ್ಪು ಟೇಪ್ ಹಚ್ಚಿದರೆ ಸರಿಹೋಗುತ್ತದೆ. ಮಿರರ್‌ಲೆಸ್‌ನಲ್ಲಿ ಈ ಕಾಟ ಇಲ್ಲ. ಅಂದಹಾಗೆ ಯಾವ ಬಾಡಿಯಾದರೂ ವ್ಯೂಫೈಂಡರ್ ನಿಮ್ಮ ಉಪಯೋಗಕ್ಕೆ ಬರುವುದಿಲ್ಲ, ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ. ಬಾಡಿ ಒಳಗಿನ ಇಮೇಜ್ ಸ್ಟೆಬಿಲೈಸೇಷನ್‌ಗೂ ಇದೇ ಮಾತು. ಸೆಕೆಂಡಿನ ಸಾವಿರದ ಒಂದು ಭಾಗದ ಶಟರ್ ವೇಗದಲ್ಲಿ, ಅಗಲ ಕೋನದ ಲೆನ್ಸ್‌ನಲ್ಲಿ, ಅದಕ್ಕೆ ಮಾಡಲು ಕೆಲಸವೇ ಇಲ್ಲ.

ಶಟರ್, ಬಫರ್, ಬ್ಯಾಟರಿ

ಮೆಕ್ಯಾನಿಕಲ್ ಶಟರ್ ಇರುವ ಬಾಡಿ ತೆಗೆದುಕೊಳ್ಳಿ. ಪೂರ್ತಿ ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆನ್ಸರ್ ಮೇಲಿಂದ ಕೆಳಗೆ ಸಾಲುಸಾಲಾಗಿ ಓದುತ್ತದೆ. ಓದುವುದು ನಿಧಾನ ಇರುವ ಬಾಡಿಗಳಲ್ಲಿ ವಿಮಾನದ ಪ್ರೊಪೆಲ್ಲರ್ ಬಾಳೆ ಎಲೆಯ ಹಾಗೆ ಬಾಗಿ ಕಾಣುತ್ತದೆ, ಗಾಳಿಗೆ ತಲೆ ಅದುರಿದರೆ ನೇರ ಗೆರೆಗಳೂ ವಾಲುತ್ತವೆ. ಶಟರ್‌ನ ಎರಡು ಪರದೆಗಳಲ್ಲಿ ಮೊದಲನೆಯದು ಮಾತ್ರ ಎಲೆಕ್ಟ್ರಾನಿಕ್ ಆಗಿದ್ದರೆ ತೊಂದರೆ ಇಲ್ಲ.

ಸೆಕೆಂಡಿಗೆ ಐದು ಫ್ರೇಮ್ ಸಾಕು. ಅದಕ್ಕಿಂತ ಮುಖ್ಯವಾದದ್ದು ಎಷ್ಟು ಹೊತ್ತು ಹಾಗೆ ಹೊಡೆಯುತ್ತದೆ ಅನ್ನುವುದು. ರಾ ಫೈಲ್‌ನಲ್ಲಿ ತೆಗೆದರೆ ಚಿಕ್ಕ ಬಾಡಿಗಳ ಬಫರ್ (ಕಾರ್ಡ್‌ಗೆ ಹೋಗುವ ಮುಂಚೆ ಫೋಟೋ ಕಾಯುವ ಜಾಗ) ಕೆಲವೇ ಸೆಕೆಂಡಿನಲ್ಲಿ ತುಂಬಿ ಕ್ಯಾಮೆರಾ ಏದುಸಿರು ಬಿಡುತ್ತದೆ. ಗಿರಾಕಿಗೆ ಅರ್ಧ ಗಂಟೆಯಲ್ಲಿ ಫೋಟೋ ಕೊಡಬೇಕಾದ ಟ್ಯಾಂಡೆಮ್ ಕೆಲಸಕ್ಕೆ ಜೆಪೆಗ್ ಸಾಕು. ಅಂಗಡಿಯಲ್ಲಿ ನಿಮ್ಮದೇ ಕಾರ್ಡ್ ಹಾಕಿ, ನಾಲ್ಕೈದು ಸೆಕೆಂಡಿನ ಬರ್ಸ್ಟ್‌ಗಳನ್ನು ಮಧ್ಯೆ ಸ್ವಲ್ಪ ಬಿಡುವು ಕೊಟ್ಟು ಒಂದು ನಿಮಿಷ ಹೊಡೆದು ನೋಡಿ. ಎಲ್ಲೂ ನಿಲ್ಲದಿದ್ದರೆ ಸರಿ.

ಹೀಗೆ ಹೊಡೆಯುವವರು ಶಟರ್ ಆಯುಷ್ಯ ಲೆಕ್ಕ ಹಾಕಬೇಕು. ಜಂಪ್‌ಗೆ 100 ಫೋಟೋ, ದಿನಕ್ಕೆ 8 ಜಂಪ್ ಅಂದರೆ 800. ಒಂದು ಲಕ್ಷ ಸಲಕ್ಕೆ ಅಂತ ತಯಾರಾದ ಶಟರ್ 125 ಕೆಲಸದ ದಿನಕ್ಕೆ ಆ ಗೆರೆ ಮುಟ್ಟುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಹೊರಗಿನ ಗೀರುಗಳಿಗಿಂತ ಶಟರ್ ಎಣಿಕೆ ಕೇಳಿ. ಸ್ಕೈಡೈವಿಂಗ್‌ನಲ್ಲೇ ಬಳಸಿದ ಬಾಡಿಯಾದರೆ ಲೆನ್ಸ್ ಮೌಂಟ್ ಮತ್ತು ಸ್ಕ್ರೂ ತೂತು ಸಡಿಲ ಆಗಿದೆಯಾ ಅಂತ ಕೈಯಿಂದ ಅಲ್ಲಾಡಿಸಿ ನೋಡಿ.

ಬ್ಯಾಟರಿಗೆ ಚಳಿ ಆಗದು. ಪ್ರತಿ ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ, 4,000 ಮೀಟರ್‌ನಲ್ಲಿ ನೆಲಕ್ಕಿಂತ 26 ಡಿಗ್ರಿ ಕಮ್ಮಿ. ಡಿಎಸ್‌ಎಲ್‌ಆರ್ ಸ್ಕ್ರೀನ್ ಆಫ್ ಇದ್ದಾಗ ಹೆಚ್ಚು ಕುಡಿಯುವುದಿಲ್ಲ. ಮಿರರ್‌ಲೆಸ್ ಎಚ್ಚರವಾಗಿರುವಷ್ಟು ಹೊತ್ತೂ ಸೆನ್ಸರ್ ಓಡಿಸುತ್ತಲೇ ಇರುತ್ತದೆ. ಫೋಕಸ್ ಮರೆಯುತ್ತದೆ ಅಂತ ನಿದ್ದೆಗೆ ಬಿಡದಿದ್ದರೆ ಇನ್ನೂ ಬೇಗ ಖಾಲಿ.

ಆರಿಸಿ ಆಯಿತು, ಇನ್ನೇನು?

ಶಟರ್ ಪ್ರಯಾರಿಟಿಯಲ್ಲಿ 1/500ಕ್ಕಿಂತ ಕೆಳಗೆ ಇಳಿಸಬೇಡಿ, 1/1000 ಆದರೆ ನೆಮ್ಮದಿ. ಆದರೆ ಇದರಲ್ಲಿ ಅಪರ್ಚರ್ ಕ್ಯಾಮೆರಾದ ಕೈಯಲ್ಲಿರುತ್ತದೆ, ಎಫ್/8ರ ಆಸುಪಾಸು ಉಳಿಯುವ ಹಾಗೆ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಹೊಂದಿಸಿ, ಇಲ್ಲದಿದ್ದರೆ ಫೋಕಸ್ ಲೆಕ್ಕ ತಪ್ಪುತ್ತದೆ. ಆಕಾಶ ತುಂಬಾ ಬೆಳ್ಳಗಿದ್ದರೆ ಮುಖ ಕಪ್ಪಾಗುತ್ತದೆ, ಎಕ್ಸ್‌ಪೋಷರ್ ಸ್ವಲ್ಪ ಮೇಲಕ್ಕೆ ಸರಿಸಿ.

ಮನೆಯಲ್ಲಿ ಹೆಲ್ಮೆಟ್ ಹಾಕಿಕೊಂಡು, ಸ್ವಿಚ್ ಬಾಯಲ್ಲಿಟ್ಟು, ಓಡಾಡಿ ತೆಗೆಯುತ್ತಿರಿ. ಗೋಡೆ ಮೇಲೆ ಒಂದು ಗುರುತು ಹಾಕಿ, ರಿಂಗ್ ಸೈಟ್‌ನಲ್ಲಿ ಅದನ್ನು ನೋಡುತ್ತಾ ಕಚ್ಚಿ, ಗುರುತು ಫ್ರೇಮಿನ ಮಧ್ಯಕ್ಕೆ ಬಂತಾ ನೋಡಿ. ನಿಮ್ಮ ರಿಗ್ (ಬೆನ್ನಿನ ಪ್ಯಾರಾಚೂಟ್ ಸೆಟ್) ಹಾಕಿಕೊಂಡು, ಮುಖ್ಯ ಪ್ಯಾರಾಚೂಟ್ ಕಳಚುವ ಕಟ್‌ಅವೇ ಹ್ಯಾಂಡಲ್ ನೋಡಲು ತಲೆ ಬಗ್ಗಿಸಿದರೆ ಕ್ಯಾಮೆರಾ ಎಲ್ಲಿಗಾದರೂ ತಾಗುತ್ತದಾ ಅಂತಲೂ ಪರೀಕ್ಷಿಸಿ. ಹೆಲ್ಮೆಟ್ ಕಳಚುವುದನ್ನು ಕಣ್ಣು ಮುಚ್ಚಿ ಅಭ್ಯಾಸ ಮಾಡಿ. ಮೊದಲ ಕೆಲವು ಜಂಪ್ ಒಬ್ಬರೇ ಹಾರಿ, ಯಾರ ಫೋಟೋವನ್ನೂ ತೆಗೆಯುವ ಜವಾಬ್ದಾರಿ ಇಲ್ಲದೆ. ಪ್ರತಿ ಸಲ ಬಾಗಿಲು ತೆರೆಯುವ ಮೊದಲು ವಿಮಾನದೊಳಗೇ ಒಂದು ಫೋಟೋ ಹೊಡೆದು ಕ್ಯಾಮೆರಾ ಎದ್ದಿದೆ ಅಂತ ಖಚಿತ ಮಾಡಿಕೊಳ್ಳಿ.

ಈ ಬಾಡಿ ನಿಮಗೆ ಒಗ್ಗಿತು ಅನಿಸಿದರೆ ಅದೇ ಮಾಡೆಲ್‌ನ ಇನ್ನೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ ಇಟ್ಟುಕೊಳ್ಳಿ. ಪ್ಲೇಟ್, ಕೇಬಲ್, ಬ್ಯಾಟರಿ, ಟೇಪ್ ಹಚ್ಚಿದ ಲೆನ್ಸ್ ಎಲ್ಲವೂ ಹಾಗೇ ಅದಕ್ಕೆ ಹೊಂದುತ್ತವೆ. ಮೊದಲನೆಯದು ಕೈಕೊಟ್ಟ ದಿನ ಹತ್ತು ನಿಮಿಷದಲ್ಲಿ ಬದಲಿಸಿ ಮುಂದಿನ ವಿಮಾನ ಹತ್ತಬಹುದು.